ತಾರಾದೇವಿಯ ಮುಖ

ಪಾಟನ್
ಕಾರ್ತಿಕ ೧೪

ಚಿನಿಮೈಯಾ,

ನೀನು ಚೆನ್ನಾಗಿದ್ದೀಯಾ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಚೆನ್ನಾಗಿರುವುದನ್ನು ನಿನ್ನೆ ಕಣ್ಣಾರೆ ಕಂಡೆ. ಕೈಯಲ್ಲಿ ಹಳದಿ ಬಾವುಟ, ಕತ್ತಿನಲ್ಲಿ ಪ್ರವಾಸದ ಕಂಪನಿಯ ಗುರುತುಚೀಟಿ, ಬೆನ್ನ ಹಿಂದೆ ಹನ್ನೊಂದು ಜನ ಪರದೇಶಿಗಳು.

ಎಂಟು ವರ್ಷದ ಹಿಂದೆ ಬಾಗ್ಮತಿ ನದಿ ದಾಟಿ ಕೀರ್ತಿಪುರಕ್ಕೆ ಹೋದವಳು ನೀನು. ಶಾಕ್ಯರ ಮನೆಯಲ್ಲಿ ಹುಟ್ಟಿ ರೈತರ ಮಗನನ್ನು ಕಟ್ಟಿಕೊಂಡ ದಿನವೇ ಹೇಳಿದ್ದೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು. ನಿನ್ನೆ ತುಳಿದೆ. ಮಗಳಾಗಿ ಬಂದಿದ್ದರೆ ಬಾಗಿಲು ಹಾಕುತ್ತಿದ್ದೆ. ಗಿರಾಕಿಗಳನ್ನು ಮುಂದಿಟ್ಟುಕೊಂಡು ಬಂದವಳ ಮುಖಕ್ಕೆ ಬಾಗಿಲು ಹಾಕುವುದು ಹೇಗೆ? ಅದು ಗೊತ್ತಿದ್ದೇ ಬಂದೆ.

"ನಮಸ್ಕಾರ ಗುರುಗಳೇ, ವಿಗ್ರಹ ಎರಕ ಹೊಯ್ಯೋದು ಹೇಗೆ ಅಂತ ಇವ್ರಿಗೆ ಸ್ವಲ್ಪ ತೋರಿಸ್ತೀರಾ?" ಎಂದೆ ನೀನು. ಗುರುಗಳಂತೆ! ನಾನೇನು ಕಡಿಮೆಯೇ? "ಬನ್ನಿ, ಬನ್ನಿ, ಕೂತ್ಕೊಳ್ಳಿ. ಯಾವ ದೇಶದವ್ರನ್ನ ಕರ್ಕೊಂಡು ಬಂದಿದೀರಿ?" ಎಂದೆ. ನಿನ್ನ ಕಣ್ಣಿನ ರೆಪ್ಪೆಯೂ ಅಲುಗಲಿಲ್ಲ. ಆ ಮಟ್ಟಿಗೆ ನನ್ನ ಮಗಳೇ.

ಮೇಣ ತೋರಿಸಿದೆ. ಮೇಣದ ಮೇಲೆ ಮಣ್ಣು ಮೆತ್ತುವುದನ್ನು ತೋರಿಸಿದೆ. ಕಾಯಿಸಿದಾಗ ಮೇಣ ಕರಗಿ ಹರಿದು ಹೋಗಿ, ಆ ಟೊಳ್ಳಿಗೆ ತಾಮ್ರ ಇಳಿಯುತ್ತದೆ ಎಂದೆ. ನೀನು ಅವರ ಭಾಷೆಗೆ ತಿರುಗಿಸುತ್ತಾ ಹೋದೆ. ಕೊನೆಗೆ ನಾನು ಗಾಜಿನ ಕಪಾಟಿನ ಮುಂದೆ ನಿಂತು, ಹನ್ನೆರಡು ವರ್ಷದಿಂದ ಯಾರಿಗೂ ಮಾರದೆ ಇಟ್ಟಿರುವ ತಾರಾದೇವಿಯನ್ನು ತೋರಿಸಿ, ಬಂದವರಿಗೆಲ್ಲ ಹೇಳುವಂತೆ ಅವರಿಗೂ ಹೇಳಿದೆ: "ಈ ಮುಖ ನೋಡಿ. ಇದನ್ನ ಮೇಣದಲ್ಲಿ ತಿದ್ದಿದ್ದು ಇಗೋ ಇವ್ನು, ನಮ್ಮಣ್ಣನ ಮಗ ಬುದ್ಧಿರಾಜ. ಆಗಿನ್ನೂ ಹದಿನಾರು ವರ್ಷ ಇವ್ನಿಗೆ. ಪ್ರದರ್ಶನದಲ್ಲಿ ಮೊದಲ್ನೇ ಬಹುಮಾನ ಬಂತು."

ನೀನು ಏನೋ ಹೇಳಿದೆ. ಆ ಹನ್ನೊಂದು ಮುಖಗಳು ಬುದ್ಧಿರಾಜನ ಕಡೆ ತಿರುಗಬೇಕಿತ್ತು, ನಿನ್ನ ಕಡೆ ತಿರುಗಿದವು. ಆಮೇಲೆ ನನ್ನ ಕಡೆ ತಿರುಗಿದವು. ಬಿಳಿಗೂದಲಿನ ಒಬ್ಬ ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬುದ್ಧಿರಾಜನಿಗೆ ಅವರ ಭಾಷೆ ಬರುತ್ತದೆ. ಅವನ ಮುಖ ಕಾದ ತಾಮ್ರದ ಹಾಗಾಯಿತು.

ನೀವು ಹೋದ ಮೇಲೆ ಅವನನ್ನು ಕೇಳಿದೆ. ಲೋಹ ಉಜ್ಜುವ ಅರ ಹುಡುಕುವವನಂತೆ ಬೆನ್ನು ತಿರುಗಿಸಿದ. ಗದರಿಸಿದ ಮೇಲೆ ಬಾಯಿಬಿಟ್ಟ. "ಈ ಮುಖ ಮಾಡಿದ್ದು ನಾನು, ಆಗ ನನಗೆ ಹದಿನೇಳು, ಅಂದ್ಲು ಅಕ್ಕ, ಚಿಕ್ಕಪ್ಪಾ."

ನನ್ನ ಮನೆಯಲ್ಲಿ ನಿಂತು, ನನ್ನ ಮಾತನ್ನು ಬಾಯಲ್ಲಿಟ್ಟುಕೊಂಡು, ಹೊರಗೆ ಬೇರೆ ಮಾತು ಉಗುಳಿದೆ. ಮಾತು ದಾಟಿಸಲು ನಿನಗೆ ಸಂಬಳ ಕೊಡುತ್ತಾರೆ. ಕದಿಯಲು ಅಲ್ಲ. ಇನ್ನೊಮ್ಮೆ ಆ ಬಾವುಟ ನಮ್ಮ ವಿಹಾರದ, ನಮ್ಮ ಬಹಾಲ್‌ನ ಅಂಗಳದಲ್ಲಿ ಕಾಣಿಸಿದರೆ ನಿನ್ನ ಕಂಪನಿಯವರ ಹತ್ತಿರವೇ ಮಾತಾಡುತ್ತೇನೆ.

ಫೋನಿನಲ್ಲಿ ನಿನ್ನ ದನಿ ಕೇಳುವ ಮನಸ್ಸಿಲ್ಲ. ಅದಕ್ಕೇ ಈ ಕಾಗದ. ನೂಲು ಕೊಳ್ಳಲು ನಿಮ್ಮೂರಿಗೆ ಬರುವ ನಿನ್ನ ಸೋದರತ್ತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಇದರಲ್ಲಿ ಏನಿದೆಯೆಂದು ಗೊತ್ತಿಲ್ಲ. ಹೇಳಬೇಡ.

ಬೇಖಾರತ್ನ ಶಾಕ್ಯ


ಕೀರ್ತಿಪುರ
ಕಾರ್ತಿಕ ೧೯

ಅಪ್ಪನಿಗೆ,

ಎಂಟು ವರ್ಷದಲ್ಲಿ ನನಗೊಂದು ಮಗಳು ಹುಟ್ಟಿದಳು. ನಾನು ಟೈಫಾಯಿಡ್ ಬಂದು ಸಾಯುವ ಹಾಗಾಗಿದ್ದೆ. ಆಗೆಲ್ಲ ನಿಮಗೆ ಕಾಗದ ಸಿಗಲಿಲ್ಲ. ಒಂದು ಮಾತು ಬದಲಾಯಿಸಿದ್ದಕ್ಕೆ ಮೂರು ಹಾಳೆ ಸಿಕ್ಕಿತು. ಸಂತೋಷ.

ಬೇಕೆಂದೇ ಬಂದೆ ಎಂದು ಬರೆದಿದ್ದೀರಿ. ಆ ದಿನ ಹೇಗಿತ್ತು ಎಂದು ಹೇಳುತ್ತೇನೆ, ಕೇಳಿ.

ಒಂದೇ ದಿನದಲ್ಲಿ ಪಾಟನ್ ಮುಗಿಸಬೇಕು ಎಂದು ಕಂಪನಿಯವರು ಚೀಟಿ ಕೊಟ್ಟಿದ್ದರು. ಬೆಳಿಗ್ಗೆ ಅರಮನೆ ಚೌಕ. ಬಿಸಿಲು ಏರುವುದರೊಳಗೆ ಕಲ್ಲಿನ ನೀರದೋಣಿ, ಬಂಗಾರದ ಕಿಟಕಿ, ಸಾವಿರ ಬುದ್ಧರ ಇಟ್ಟಿಗೆ ಗುಡಿ. ಒಬ್ಬ ದಪ್ಪ ಮನುಷ್ಯ ಪ್ರತಿಯೊಂದು ತೋರಣದ ಕೆಳಗೂ "ಇದು ಕೈಯಲ್ಲೇ ಮಾಡಿದ್ದಾ?" ಎಂದು ಕೇಳುತ್ತಿದ್ದ. ಕಾಲಲ್ಲಿ ಮಾಡಿದ್ದು ಎನ್ನಬೇಕೆನಿಸಿತು. ಊಟಕ್ಕೆ ಅವಲಕ್ಕಿ, ಎಮ್ಮೆ ಮಾಂಸ, ಕಪ್ಪು ಸೋಯಾ. ಅರ್ಧ ಜನ ಮುಟ್ಟಲಿಲ್ಲ. ಆ ಬಿಳಿಗೂದಲಿನ ಅಜ್ಜಿ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಊಟದ ನಂತರ ಎರಕದ ಮನೆ ತೋರಿಸಬೇಕಿತ್ತು. ನಾವು ಯಾವಾಗಲೂ ಹೋಗುವ ಮನೆಯಲ್ಲಿ ಸೂತಕ, ಬೀಗ ಹಾಕಿತ್ತು. ಪಕ್ಕದ ಅಂಗಡಿಯಿಂದ ಕಂಪನಿಗೆ ಫೋನ್ ಮಾಡಿದೆ. "ಆ ತಾರಾದೇವಿ ಇರೋ ಮನೆಗೆ ಕರ್ಕೊಂಡ್ ಹೋಗಮ್ಮ, ಅಲ್ಲೇ ಹತ್ರ ಅಲ್ವಾ?" ಎಂದರು. "ಬೇರೆ ಕಡೆ ಹೋಗ್ಲಾ ಸಾರ್?" ಎಂದೆ. "ಯಾಕೆ? ಅಲ್ಲೇನ್ ತೊಂದ್ರೆ?" ಎಂದು ಕೇಳಿದರು. ಏನು ಹೇಳಲಿ? ಅಲ್ಲಿ ನಮ್ಮಪ್ಪ ಇದ್ದಾರೆ, ಅದೇ ತೊಂದರೆ ಎನ್ನಲೇ?

ಬಹಾಲ್‌ನ ಅಂಗಳಕ್ಕೆ ಬಂದ ಮೇಲೆ ನಿಮ್ಮ ಬಾಗಿಲಿಗೆ ನೇರ ಬರಲಿಲ್ಲ. ನಡುವಿನ ಚೈತ್ಯಕ್ಕೆ ಸುಮ್ಮನೆ ಮೂರು ಸುತ್ತು ಹಾಕಿದೆ. ಅದು ಇಲ್ಲಿನ ಪದ್ಧತಿ ಎಂದುಕೊಂಡು ಹನ್ನೊಂದು ಜನವೂ ನನ್ನ ಹಿಂದೆ ಮೂರು ಸುತ್ತು ಬಂದರು.

ನೀವು "ಬನ್ನಿ, ಕೂತ್ಕೊಳ್ಳಿ" ಎಂದಿರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಆದರೂ ನೀವು ಹೇಳಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ದಾಟಿಸಿದೆ. ಸುಳ್ಳು ದಾಟಿಸುವುದು ನನಗೆ ಹೊಸದಲ್ಲ. ಹೋದ ವಾರ ಮಾಡಿದ ಮುಖವಾಡವನ್ನು ಇನ್ನೂರು ವರ್ಷದ್ದು ಎಂದು ಅಂಗಡಿಯವನು ಹೇಳಿದರೆ, ಅವನು ಹೇಳಿದ ಹಾಗೇ ಹೇಳುತ್ತೇನೆ. ಹೊಟ್ಟೆಪಾಡು. ಆದರೆ "ಬುದ್ಧಿರಾಜ ಮಾಡಿದ" ಎಂಬ ಮಾತನ್ನು ನನ್ನ ಬಾಯಿಂದಲೇ ಹೇಳಿಸಲು ಹೊರಟಿರಿ ನೋಡಿ, ಅದನ್ನು ಮಾತ್ರ ದಾಟಿಸಲಿಲ್ಲ.

ನಾನು ಸುಳ್ಳು ಹೇಳಿದೆನೆಂದು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿ ನೋಡಿದೆ. ಮಾತು ಕದ್ದೆ ಎಂದಿದ್ದೀರಿ, ಉಗುಳಿದೆ ಎಂದಿದ್ದೀರಿ. ಸುಳ್ಳು ಎಂದು ಬರೆಯಲು ನಿಮ್ಮ ಕೈಗೂ ಆಗಲಿಲ್ಲ.

ಆ ಚಳಿಗಾಲದಲ್ಲಿ ಮೇಣ ಮುಟ್ಟಿದರೆ ಬಿರುಕು ಬಿಡುತ್ತಿತ್ತು. ಮೂರು ಸಲ ಮೂಗು ಮುರಿಯಿತು. ಮೂರು ಸಲವೂ ನೀವು "ಮತ್ತೆ ಮಾಡು" ಎಂದಿರಿ. ಮೇಣವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದೆ. ಮಹಡಿ ಮೇಲೆ ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳಿಗೆ ಗಂಜಿ ಕುಡಿಸಿ ಇಳಿದು ಬಂದು ಕಣ್ಣು ತಿದ್ದುತ್ತಿದ್ದೆ. ಆ ಮುಖ ಯಾರದೆಂದು ಬುದ್ಧಿರಾಜನನ್ನು ಕೇಳಿ, ಹೇಳಲಿ. ಅಥವಾ ಹನ್ನೆರಡು ವರ್ಷದಿಂದ ಅದನ್ನು ಯಾಕೆ ಮಾರಲಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಪ್ರದರ್ಶನದ ಅರ್ಜಿಯಲ್ಲಿ ಅವನ ಹೆಸರು ಬರೆದಾಗ ನನಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದ ಬಹುಮಾನ ಎಂದುಕೊಂಡೆ. ಸಿಟ್ಟು ಬಂದದ್ದು ಆಮೇಲೆ. ಎರಕವಾದ ಮೇಲೆ ಉಳಿ ಹಿಡಿದು ಕಣ್ಣಿನ ಅಂಚು ಬಿಡಿಸಲು ಕೂತಿದ್ದೆ. ನೀವು ಕೈಯಿಂದ ಉಳಿ ಕಿತ್ತುಕೊಂಡು, "ಹೆಂಗಸ್ರಿಗೆ ಮೇಣ. ಲೋಹ ಗಂಡಸ್ರದ್ದು. ಏಳು ಮೇಲೆ" ಎಂದಿರಿ. ಎದ್ದೆ. ಅಮ್ಮ ಸತ್ತ ಮೇಲೂ ನಾಲ್ಕು ವರ್ಷ ಬೇರೆಯವರ ವಿಗ್ರಹಗಳಿಗೆ ಮೇಣದ ಬೆರಳು, ಮೇಣದ ಸರ, ಮೇಣದ ಕಿವಿ ಮಾಡಿಕೊಟ್ಟೆ. ಆಸ್ತಮಾನ್ ಮಹರ್ಜನ್ ಬಂದು ನಿಮ್ಮ ಮಗಳನ್ನು ಹಾರಿಸಿಕೊಂಡು ಹೋದ ಎಂದು ಊರೆಲ್ಲ ಹೇಳಿದ್ದೀರಿ. ಪಾಪ, ಅವನದೇನೂ ತಪ್ಪಿಲ್ಲ. ಆ ದಿನ ಬೀದಿನಾಯಿ ಕರೆದಿದ್ದರೂ ಹೋಗುತ್ತಿದ್ದೆ.

ಕಂಪನಿಯವರ ಹತ್ತಿರ ಧಾರಾಳವಾಗಿ ಮಾತಾಡಿ. ನಿಮ್ಮ ಮಾತನ್ನು ಅವರಿಗೆ ದಾಟಿಸಲು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಚಿನಿಮೈಯಾ


ಪಾಟನ್
ಕಾರ್ತಿಕ ೨೭

ಚಿನಿಮೈಯಾ,

ನಾಯಿಯ ಮಾತನ್ನು ಓದಿದೆ. ಹೆತ್ತ ಅಪ್ಪನಿಗೆ ಬರೆಯುವ ಮಾತೇ ಅದು? ನಿನ್ನ ಗಂಡನಾದರೂ ಓದಿದನೇ? ಓದಿ ಸುಮ್ಮನಿದ್ದನೇ?

ನಿನಗೆ ಎಲ್ಲ ಸುಲಭ. ನನಗೆ ಗಂಡು ಸಂತಾನವಿಲ್ಲ. ಬಹಾಲ್‌ನಲ್ಲಿ ತಲೆ ಬೋಳಿಸಿ ದೀಕ್ಷೆ ಕೊಡುವುದು ಗಂಡುಮಕ್ಕಳಿಗೆ. ದೇವರ ಸೇವೆಯ ಸರದಿ ಬರುವುದು ಗಂಡುಮಕ್ಕಳಿಗೆ. ನನ್ನ ಸರದಿಯಲ್ಲಿ ದೀಪ ಹಚ್ಚುವವನು, ನಾಳೆ ನನಗೆ ಬೆಂಕಿ ಇಡುವವನು ಬುದ್ಧಿರಾಜ. ಕಾರ್ಖಾನೆ ಅವನ ಹೆಸರಿನಲ್ಲಿ ನಿಲ್ಲಬೇಕಿತ್ತು, ನಿಲ್ಲಿಸಿದೆ. ಮದುವೆಯಾಗಿ ಹೋಗುವ ಹುಡುಗಿಯ ಹೆಸರಿನಲ್ಲಿ ಯಾವ ಕಾರ್ಖಾನೆ ನಿಂತಿದೆ? ನಿನ್ನ ಅಜ್ಜಿ ಮೇಣ ಮುಟ್ಟಿದಳು. ನಿನ್ನ ಅಮ್ಮ ಮುಟ್ಟಿದಳು, ನಿನಗಿಂತ ಚೆನ್ನಾಗಿ ಮುಟ್ಟಿದಳು. ಅವರು ಹೆಸರು ಕೇಳಿದರೇ?

ಇನ್ನೊಂದು. ನೀನು ಮಾಡಿದ ಕೆಲಸದ ಫಲ ಕೇಳು. ಆ ಬಿಳಿಗೂದಲಿನ ಮುದುಕಿ ಮಾರನೆಯ ದಿನ ಒಬ್ಬಳೇ ಬಂದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಬುದ್ಧಿರಾಜ ತಾಮ್ರ ತರಲು ಹೋಗಿದ್ದ. ಕಪಾಟಿನ ಮುಂದೆ ನಿಂತು ಇಂಥದ್ದೇ ಇನ್ನೊಂದು ಬೇಕು ಎಂದು ಬೆರಳು ತೋರಿಸಿದಳು. ಆಯಿತು ಎಂದು ತಲೆಯಾಡಿಸಿ ಗೋಡೆಯ ಮೇಲಿನ ಬಹುಮಾನದ ಫಲಕ ತೋರಿಸಿದೆ. ಬೇಡ ಎಂದು ಕೈ ಬೀಸಿದಳು. ಆಮೇಲೆ ತನ್ನ ಕೊಡೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಕಾರ್ಖಾನೆಯ ತುಂಬ ನಡೆದು ತೋರಿಸಿದಳು. ಕೆಲಸಗಾರರೆಲ್ಲ ಕೆಲಸ ಬಿಟ್ಟು ನಕ್ಕರು. ನನಗೆ ಎಲ್ಲಿಗಾದರೂ ಎದ್ದು ಹೋಗೋಣ ಎನ್ನಿಸಿತು. "ಅವ್ಳು ಮಾಡಲ್ಲಮ್ಮ, ಅವ್ಳು ದಾರಿ ತೋರ್ಸೋಳು!" ಎಂದು ಕೂಗಿದೆ. ಅವಳಿಗೆ ಏನು ತಿಳಿಯಿತೋ. ವಿಳಾಸ ಬರೆದ ಚೀಟಿ ಇಟ್ಟು ಹೋದಳು.

ಆ ಕೆಲಸ ನಾವು ಮಾಡುತ್ತೇವೆ. ಬುದ್ಧಿರಾಜ ಕೂತಿದ್ದಾನೆ. ನಾಲ್ಕು ಮುಖ ಕೆಟ್ಟವು. ಈ ವರ್ಷದ ಜೇನುಮೇಣವೇ ಸರಿಯಿಲ್ಲ.

ಬೇಖಾರತ್ನ ಶಾಕ್ಯ


ಕೀರ್ತಿಪುರ
ಮಾರ್ಗಶಿರ ೩

ಅಪ್ಪನಿಗೆ,

ಮೇಣ ಸರಿಯಾಗಿದೆ. ಜೇನುಹುಳುಗಳನ್ನು ಯಾಕೆ ಬೈಯುತ್ತೀರಿ?

ನಿಮ್ಮ ಕಾಗದದಲ್ಲಿ ಒಂದು ಸಾಲಿದೆ. ಅದನ್ನು ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅಮ್ಮ ನನಗಿಂತ ಚೆನ್ನಾಗಿ ಮೇಣ ಮುಟ್ಟಿದಳು ಎಂದು ನೀವು ನನಗೆ ಒಂದು ದಿನವೂ ಹೇಳಿರಲಿಲ್ಲ. ಅವಳೂ ಹೇಳಲಿಲ್ಲ. ಮಗ್ಗುಲಲ್ಲಿ ಕೂತು ಗಂಜಿ ಕುಡಿಸಿದ್ದೇನೆ, ಕೆಳಗೆ ಮೂಗು ಮುರಿಯಿತು ಎಂದು ಅತ್ತಿದ್ದೇನೆ. "ಮೇಣಕ್ಕೆ ಚೂರು ತುಪ್ಪ ಸೇರ್ಸು" ಎಂದು ಒಮ್ಮೆ ಹೇಳಿದಳು, ಅಷ್ಟೇ. ಎಲ್ಲೋ ಕೇಳಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಹಾಗಾದರೆ ನಮ್ಮ ಮನೆಯಿಂದ ಹೊರಟ ಎಷ್ಟು ದೇವರ ಮುಖ ಅವಳದು? ಅಜ್ಜಿಯದೆಷ್ಟು? ಲಾಸಾದಲ್ಲಿದೆ ಎನ್ನುತ್ತಿದ್ದಿರಲ್ಲ, ತಾತನ ಮೈತ್ರೇಯ ವಿಗ್ರಹ, ಅದರ ಮುಖ ಯಾರದು?

ಅವರು ಹೆಸರು ಕೇಳಿದರೇ ಎಂದು ನನ್ನನ್ನು ಕೇಳುತ್ತೀರಿ. ಕೇಳಲಿಲ್ಲ. ಕೇಳಬೇಕಿತ್ತು. ನಾನು ಕೇಳುತ್ತಿದ್ದೇನೆ, ಮೂವರ ಪರವಾಗಿ. ನನ್ನ ಬಾಯಿ ಮುಚ್ಚಿಸಲು ಸತ್ತವರನ್ನು ಎಬ್ಬಿಸಿ ತಂದಿರಿ. ಅವರೂ ನನ್ನ ಕಡೆಯೇ.

ಐದನೆಯ ಮುಖ ನನ್ನಿಂದ ಮಾಡಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಚಿನಿಮೈಯಾ


ಪಾಟನ್
ಪುಷ್ಯ ೧೦

ಅಕ್ಕಾ,

ನಾನು ಬುದ್ಧಿರಾಜ. ನನ್ನ ಅಕ್ಷರ ಕಂಡು ಹರಿದು ಹಾಕಬೇಡ. ಓದಿದ ಮೇಲೆ ಬೇಕಾದರೆ ಹರಿ.

ನೀನು ಆ ದಿನ ಹೇಳಿದ ಮಾತು ನನಗೆ ಅರ್ಥವಾದಾಗ ಮುಖ ಕೆಂಪಾದದ್ದು ನಿಜ. ಅದು ಸಿಟ್ಟಿಗೆ ಎಂದು ಚಿಕ್ಕಪ್ಪ ತಿಳಿದಿದ್ದಾರೆ. ನಾಚಿಕೆಗೆ ಅಕ್ಕಾ. ಆಮೇಲೆ ನೀವೆಲ್ಲ ಹೋದ ಮೇಲೆ, ಯಾರೋ ಬೆನ್ನ ಮೇಲಿನ ಹೊರೆಯ ಪಟ್ಟಿ ಬಿಚ್ಚಿದ ಹಾಗಾಯಿತು.

ಹನ್ನೆರಡು ವರ್ಷ ನಾನು ಆ ಮುಖದ ಎದುರಿಗೆ ಕೂತು ಕೆಲಸ ಮಾಡಿದ್ದೇನೆ. ಬಂದವರೆಲ್ಲ ಅದನ್ನು ನೋಡುತ್ತಾರೆ, ಆಮೇಲೆ ನಾನು ಈಗ ಮಾಡುತ್ತಿರುವುದನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. "ಈಗ ಯಾಕೆ ಹಾಗೆ ಮಾಡ್ತಿಲ್ಲ?" ಎಂದು ಒಬ್ಬ ಲಾಮಾ ಎಲ್ಲರ ಮುಂದೆಯೇ ಕೇಳಿದ. ನನ್ನ ಎರಕ ಒಳ್ಳೆಯದು. ಕುಲುಮೆ ನನಗೆ ಗೊತ್ತು. ಮುಖ ನನ್ನ ಕೈಗೆ ಬರುವುದಿಲ್ಲ, ಬರಲೂ ಇಲ್ಲ. ಅದು ಚಿಕ್ಕಮ್ಮನ ಮುಖ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಕೊನೆಕೊನೆಗೆ ಅವಳು ಬಾಗಿಲ ಕಡೆ ಹಾಗೇ ನೋಡುತ್ತಿದ್ದಳಲ್ಲ.

ಆ ವಿದೇಶಿ ಅಜ್ಜಿಯ ಕೆಲಸಕ್ಕೆ ಏಳು ಮುಖ ಮಾಡಿದೆ, ಏಳೂ ಕೆಟ್ಟವು. ಏಳನೆಯದು ಕೆಟ್ಟ ದಿನ ಏಣಿ ಹಾಕಿ ಗೋಡೆಯ ಫಲಕ ಕೆಳಗಿಳಿಸಿದೆ. ಚಿಕ್ಕಪ್ಪ ಎದ್ದು ಬಂದು ಕಪಾಳಕ್ಕೆ ಹೊಡೆದರು. ಇಪ್ಪತ್ತೆಂಟು ವರ್ಷದವನಿಗೆ, ಕೆಲಸಗಾರರ ಎದುರಿಗೆ.

"ಹಾಕು ಮೇಲೆ" ಎಂದರು.

"ಹಾಕಲ್ಲ ಚಿಕ್ಕಪ್ಪ."

"ನಿನ್ನ ಅನ್ನದ ತಟ್ಟೆ ಕಣೋ ಅದು!"

"ಅಕ್ಕನ ತಟ್ಟೇಲಿ ಉಂಡಿದ್ದು ಸಾಕಾಯ್ತು" ಎಂದೆ.

ಇನ್ನೊಂದು ಏಟು ಬೀಳುತ್ತದೆ ಎಂದುಕೊಂಡೆ. ಬೀಳಲಿಲ್ಲ. ಆಗ, ಅಂದು ಅವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತನ್ನೂ ಹೇಳಿಬಿಟ್ಟೆ. ನೀನು ಅಂದು ಹೇಳಿದ್ದು ಎರಡು ಮಾತಲ್ಲ, ಮೂರು. "ಈ ಮುಖ ಮಾಡಿದ್ದು ನಾನು, ಆಗ ನನಗೆ ಹದಿನೇಳು" ಎಂದಾದ ಮೇಲೆ ಚಿಕ್ಕಪ್ಪನ ಕಡೆ ಕೈ ತೋರಿಸಿ "ಇವರು ನನ್ನ ಅಪ್ಪ, ನನಗೆ ಕಲಿಸಿದ್ದು ಇವರೇ" ಎಂದಿದ್ದೆ. ಅದನ್ನು ನಾನು ಹೊಟ್ಟೆಕಿಚ್ಚಿನಿಂದ ಮುಚ್ಚಿಟ್ಟಿದ್ದೆ. ನನ್ನದು ಅಂಥ ಬುದ್ಧಿ, ಹೆಸರು ಮಾತ್ರ ಬುದ್ಧಿರಾಜ.

ಚಿಕ್ಕಪ್ಪ ಹೊರಗೆ ನಡೆದರು. ಅಂಗಳದ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯುತ್ತಾ ನಿಂತರು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದರು.

ಬರುವ ಹುಣ್ಣಿಮೆಗೆ ಬಹಾಲ್‌ನ ಹಿರಿಯರು ಸೇರುತ್ತಾರೆ. ಅಲ್ಲಿ ನಾನೇ ಎದ್ದು ಹೇಳುತ್ತೇನೆ. ಆಮೇಲೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಎಂಟು ವರ್ಷದಿಂದ ಅಣ್ಣತಮ್ಮಂದಿರ ಹಬ್ಬದಲ್ಲಿ ನನ್ನ ಹಣೆಗೆ ತಿಲಕವಿಡುವ ಅಕ್ಕನಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಆದರೂ ಬರೆದೆ.

ನಿನ್ನ ತಮ್ಮ
ಬುದ್ಧಿರಾಜ


ಕೀರ್ತಿಪುರ
ಮಾಘ ೬

ಅಪ್ಪನಿಗೆ,

ಸೋದರತ್ತೆ ಬಂದಿದ್ದಳು. ನೂಲು ಕೊಳ್ಳುವುದನ್ನು ಮರೆತು, ಜಗಲಿಯ ಮೇಲೆ ಕೂತು ಎಲ್ಲ ಹೇಳಿದಳು. ಬುದ್ಧಿರಾಜ ಹಿರಿಯರ ಮುಂದೆ ಎದ್ದು ನಿಂತು ಹೇಳಿದನಂತೆ. ಹಿರಿಯರಲ್ಲಿ ಹಿರಿಯರು ನಿಮ್ಮ ಕಡೆ ತಿರುಗಿ "ಹೌದೇನೋ ಬೇಖಾ?" ಎಂದರಂತೆ. ನೀವು ತಲೆ ತಗ್ಗಿಸಿ, "ಹೌದು" ಎಂದಿರಂತೆ. "ಹನ್ನೆರಡು ವರ್ಷ ದೇವರ ಹೆಸ್ರಲ್ಲಿ ಸುಳ್ಳು ಹೇಳ್ದೆಯಲ್ಲಯ್ಯಾ" ಎಂದು ಅವರು ಬೈದರಂತೆ. ಈ ವರ್ಷದ ಸೇವೆಯ ಸರದಿಯಿಂದ ನಿಮ್ಮನ್ನು ಕೈಬಿಟ್ಟರಂತೆ. ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವ್ನು ಇಷ್ಟು ತಲೆ ತಗ್ಗಿಸಿದ್ದು ನಾ ಕಾಣೆ. ಇನ್ನು ಸಾಕು ಮೈಯಾ, ಬಿಟ್ಬಿಡು" ಎಂದಳು.

ನನಗೂ ಅಳು ಬಂತು, ಸುಳ್ಳೇಕೆ. ಆದರೆ ಬಿಡುವುದಿಲ್ಲ.

ಹನ್ನೆರಡು ವರ್ಷ ಬಂದುಹೋದ ಸಾವಿರ ಜನರಿಗೆ ಹೇಳಿದ ಮಾತು. ಅದಕ್ಕೆ ಬದಲಾಗಿ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಒಬ್ಬ ಹೆಂಗಸೂ ಇಲ್ಲದ ಕಡೆ, ಹಲ್ಲಿಲ್ಲದ ಮುದುಕರ ಮುಂದೆ ಒಂದು "ಹೌದು". ಅದೂ ಅವರು ಕೇಳಿದ್ದಕ್ಕೆ. ಸುಳ್ಳನ್ನು ಎಲ್ಲಿ ಹೇಳಿದ್ದೀರೋ ಅಲ್ಲಿ ನಿಜ ಹೇಳಿ. ಯಾರೂ ಕೇಳದೆ ಹೇಳಿ.

ಇನ್ನು ನನ್ನ ಸುದ್ದಿ. ಆ ಅಜ್ಜಿ ನಮ್ಮ ಕಂಪನಿಗೆ ಕಾಗದ ಬರೆದು ನನ್ನ ವಿಳಾಸ ಹುಡುಕಿಸಿದ್ದಾಳೆ. ತಾರಾದೇವಿ ನನ್ನ ಕೈಯಿಂದಲೇ ಬೇಕಂತೆ, ಎಷ್ಟು ದಿನವಾದರೂ ಕಾಯುತ್ತಾಳಂತೆ. ಒಪ್ಪಿಕೊಂಡಿದ್ದೇನೆ. ನಿಮ್ಮ ಕಾರ್ಖಾನೆಗಲ್ಲ, ನನಗೆ. ಹಿತ್ತಲಿನ ಹಳೆಯ ದನದ ಕೊಟ್ಟಿಗೆಯಲ್ಲಿ ಕುಲುಮೆ ಕಟ್ಟಿದ್ದೇನೆ. ಆಸ್ತಮಾನ್ ಇಟ್ಟಿಗೆ ಹೊತ್ತ. ಅವನ ತಾಯಿ ಅಚ್ಚಿನ ಮಣ್ಣಿಗೆ ಹೊಟ್ಟು ಜರಡಿ ಹಿಡಿಯುತ್ತಾರೆ. ಕಾಲು ನೋವು ಎಂದು ನರಳುತ್ತಲೇ ಹಿಡಿಯುತ್ತಾರೆ. ಮೇಣದ ಕೆಲಸ ಮುಗಿಯಿತು. ಮುಖ ಹೇಗೆ ಬಂದಿದೆ ಎಂದು ನಿಮಗೆ ಹೇಳುವುದಿಲ್ಲ. ಪೀಠದ ಕೆಳಗೆ ಹೆಸರು ಕೊರೆದಿದ್ದೇನೆ: ಚಿನಿಮೈಯಾ ಮಹರ್ಜನ್. ಅದರ ಕೆಳಗೆ ಅಮ್ಮನ ಹೆಸರು.

ನಾಡಿದ್ದು ತಾಮ್ರ ಹೊಯ್ಯುತ್ತೇನೆ. ಲೋಹ ಗಂಡಸರದ್ದೋ ಹೆಂಗಸರದ್ದೋ, ಅದನ್ನೇ ಕೇಳಿ ನೋಡುತ್ತೇನೆ.

ಚಿನಿಮೈಯಾ ಮಹರ್ಜನ್


ಪಾಟನ್
ಫಾಲ್ಗುಣ ೮

ಮೈಯಾ,

ನಿನ್ನ ಎರಕ ಕೆಟ್ಟಿದೆ. ನನಗೆ ಗೊತ್ತಾಗದು ಎಂದುಕೊಂಡೆಯಾ? ಬುದ್ಧಿರಾಜ ನಿಮ್ಮೂರಿಗೆ ಕದ್ದು ಬರುತ್ತಾನೆ ಎಂದು ನನಗೆ ತಿಳಿದಿದೆ. ನಿನ್ನೆ ಅವನ ಚೀಲ ತಡಕಿದೆ. ತಾರೆಯ ಬಲಗೈ ಸಿಕ್ಕಿತು. ಮೂರು ಬೆರಳೇ ಇಲ್ಲ.

ಥೂ, ಯಾರು ಹೇಳಿಕೊಟ್ಟರು ನಿನಗೆ? ಬೆರಳ ತುದಿಯಲ್ಲಿ ಗಾಳಿ ಹೋಗಲು ದಾರಿ ಬಿಡದೆ ಹೊಯ್ದರೆ ತಾಮ್ರ ಅಲ್ಲಿಗೆ ಹೇಗೆ ಇಳಿಯುತ್ತದೆ? ಇಳಿ ಎಂದು ನೀನು ಗದರಿಸಿದರೆ ಇಳಿಯುತ್ತದೆಯೇ? ಅದೇನು ನಿನ್ನ ಗಂಡನೇ? ಅಚ್ಚೂ ಸರಿಯಾಗಿ ಕಾದಿಲ್ಲ. ಮಣಿಕಟ್ಟಿನ ಹತ್ತಿರ ಲೋಹ ಮಡಿಕೆ ಬಿದ್ದಿದೆ. ನೋಡಿದ ಕೂಡಲೇ ಹೇಳಬಹುದು, ತಣ್ಣಗಾದದ್ದನ್ನು ಹೊಯ್ದಿದ್ದೀಯ. ತಾಮ್ರ ಕರಗಿಸುವ ಮೂಸೆಯ ಮೇಲಿನ ಜ್ವಾಲೆ ಹಸಿರಿಗೆ ತಿರುಗುವವರೆಗೆ ಕಾಯಬೇಕು. ಅದನ್ನು ನಿನಗೆ ನಾನು ಕಲಿಸಲಿಲ್ಲ. ಗೊತ್ತು. ಅದನ್ನು ಮತ್ತೊಮ್ಮೆ ಕಾಗದದಲ್ಲಿ ಬರೆಯಬೇಡ.

ಬುದ್ಧಿರಾಜನನ್ನು ಕೇಳಿದೆ, "ಮುಖ?" ಎಂದು. "ಮುಖ ಚೆನ್ನಾಗಿ ಬಂದಿತ್ತು ಚಿಕ್ಕಪ್ಪ, ಕೈಯೇ ಹೋಯ್ತು. ಅಕ್ಕ ಇಡೀ ಮೂರ್ತಿ ಒಡೆದು ಮತ್ತೆ ಮೇಣಕ್ಕೆ ಕೂತಿದಾಳೆ" ಎಂದ. ಒಂದು ಕೈಗೋಸ್ಕರ ಮುಖ ಒಡೆಯುತ್ತಾರೆಯೇ? ಕೈಯನ್ನು ಬೇರೆ ಎರೆದು ಕೂಡಿಸಬಹುದಿತ್ತು. ಕೂಡಿಸಿದ್ದು ಕಾಣದ ಹಾಗೆ ಮಾಡುವುದೂ ಒಂದು ವಿದ್ಯೆ. ಯಾರನ್ನಾದರೂ ಕೇಳುವ ಅಭ್ಯಾಸವಿದ್ದರೆ ತಾನೇ ನಿನಗೆ.

ಮೊನ್ನೆ ಇಲ್ಲಿಗೆ ಒಂದು ಗುಂಪು ಬಂದಿತ್ತು. ಬೇರೆ ಕಂಪನಿ, ಬೇರೆ ಗೈಡು. ಮೀಸೆಯವನು, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದ. ಕಪಾಟಿನ ಮುಂದೆ ಬಂದಾಗ ಅವನಿಗೆ ಹೇಳಿದೆ, "ಈ ಮುಖ ಮಾಡಿದ್ದು ನನ್ನ ಮಗಳು. ಹನ್ನೆರಡು ವರ್ಷ ನಾನು ಬೇರೆಯವರ ಹೆಸರು ಹೇಳ್ತಿದ್ದೆ, ಅದು ಸುಳ್ಳು. ಇದನ್ನ ಹೀಗೇ ಇವ್ರಿಗೆ ಹೇಳು" ಎಂದು. ಅವನು ಹಲ್ಲು ಕಿರಿದು, "ಅದೆಲ್ಲ ಯಾಕೆ ಗುರುಗಳೇ? ನಮ್ಮ ಪುಸ್ತಕದಲ್ಲಿ ಅಣ್ಣನ ಮಗ ಅಂತಿದೆ, ಹಾಗೇ ಹೇಳ್ಬಿಡ್ತೀನಿ" ಎಂದ. "ನಾ ಹೇಳಿದ್ದನ್ನ ಹೇಳೋ!" ಎಂದು ಕೂಗಿದೆ. ಪರದೇಶಿಗಳು ಬೆದರಿ ಬಾಗಿಲ ಕಡೆ ಸರಿದರು. ಅವನೇನೋ ಎರಡು ಮಾತು ಗೊಣಗಿದ. ಬುದ್ಧಿರಾಜ ಮೂಲೆಯಿಂದ ಇಲ್ಲ ಎಂದು ತಲೆಯಾಡಿಸಿದ, ಅಂದರೆ ಸರಿಯಾಗಿ ಹೇಳಲಿಲ್ಲ ಎಂದರ್ಥ. ಸುತ್ತಿಗೆ ಎತ್ತಿಕೊಂಡು ಆ ಮೀಸೆಯವನನ್ನು ಅಂಗಳದ ಆಚೆಗೆ ಅಟ್ಟಿದೆ. ಆಮೇಲೆ ಬುದ್ಧಿರಾಜನೇ ಅವರೆಲ್ಲರನ್ನೂ ವಾಪಸು ಕರೆದು ಕೂರಿಸಿ ಹೇಳಿದ. ನಾನು ಹೇಳಿದ್ದನ್ನೂ ಹೇಳಿದ, ನಾನು ಹೇಳದ್ದನ್ನೂ ಹೇಳಿದ. ನಿನ್ನ ಅಮ್ಮನ ಹೆಸರು ಕಿವಿಗೆ ಬಿತ್ತು. ತಡೆಯಲಿಲ್ಲ.

ಯಾರೂ ಕೇಳದೆ ಹೇಳಿದ್ದೇನೆ. ಇದಕ್ಕೂ ಏನಾದರೂ ಕೊಂಕು ಹುಡುಕುತ್ತೀಯ, ಬಲ್ಲೆ.

ಶನಿವಾರ ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದೇನೆ. ಅಲ್ಲಿಯವರೆಗೆ ಕುಲುಮೆಗೆ ಬೆಂಕಿ ಹಾಕಬೇಡ. ಅಚ್ಚು ಬಿಸಿಲಿನಲ್ಲಿ ಇಡಬೇಡ, ಬಿರಿಯುತ್ತದೆ. ನೆರಳಲ್ಲೇ ಒಣಗಲಿ. ಉಳಿಗಳನ್ನು ತರುತ್ತೇನೆ. ನಿನ್ನ ಕೊಟ್ಟಿಗೆಯಲ್ಲಿ ಯಾವ ಹಾಳು ಉಳಿ ಇದೆಯೋ.

ನಿನ್ನ ಅತ್ತೆಗೆ ಹೇಳು, ನಮ್ಮವರು ಅವರ ಮನೆಯಲ್ಲಿ ಅನ್ನ ಉಣ್ಣುವುದಿಲ್ಲವೆಂದು ಅವಲಕ್ಕಿ ಹಿಡಿದುಕೊಂಡು ಎದುರಿಗೆ ಬರುವುದು ಬೇಡ. ಇಡೀ ದಿನ ಬೆಂಕಿಯ ಮುಂದೆ ಕೂರುವವನಿಗೆ ಅವಲಕ್ಕಿ ಯಾವ ಮೂಲೆಗೆ? ಅನ್ನ ಮಾಡಿಸು. ಮೊಮ್ಮಗಳಿಗೆ ಖಾರ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಖಾರ ಇರಲಿ.

ಇದಕ್ಕೆ ಉತ್ತರ ಬರೆಯಬೇಡ. ಜಗಳ ಇನ್ನೂ ಉಳಿದಿದ್ದರೆ ಎದುರಿಗೆ ಕೂತು ಆಡು.

ನಿನ್ನ ಅಪ್ಪ